ಶಾಲೆಯೊಳಗೇ ಶಿಕ್ಷಕರ ಕಲಿಕೆ: ಮುಖ್ಯ ಶಿಕ್ಷಕರಿಗೆ ಒಂದು ವರ್ಷದ ಮಾರ್ಗದರ್ಶಿ

ಕಳೆದ ಐದು ವರ್ಷಗಳಲ್ಲಿ ತಾವು ಹಾಜರಾದ ತರಬೇತಿಗಳನ್ನು ಹಾಳೆಯ ಎಡಬದಿಯಲ್ಲಿ ಪಟ್ಟಿ ಮಾಡಿ, ಪ್ರತಿಯೊಂದರಿಂದ ತಮ್ಮ ತರಗತಿಯಲ್ಲಿ ಬದಲಾದ ಒಂದೇ ಒಂದು ಸಂಗತಿಯನ್ನು ಬಲಬದಿಯಲ್ಲಿ ಬರೆಯಬೇಕೆಂದು ಹಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕರನ್ನು ಕೇಳಿ ನೋಡಿ. ಎಡಬದಿ ಬೇಗನೆ ತುಂಬುತ್ತದೆ, ಬಲಬದಿಯಲ್ಲಿ ಪೆನ್ನು ನಿಂತುಬಿಡುತ್ತದೆ. ನಾನೂ ಇಂಥ ಪಟ್ಟಿಯನ್ನು ಮಾಡಿದ್ದೇನೆ. ಹನ್ನೊಂದು ತರಬೇತಿಗಳ ಹೆಸರು ನೆನಪಾಯಿತು, ಬಲಬದಿಯಲ್ಲಿ ಎರಡು ಸಾಲು ಮಾತ್ರ ಬಿದ್ದವು, ಮತ್ತು ಆ ಎರಡೂ ತರಬೇತಿಯ ವೇದಿಕೆಯಿಂದ ಬಂದವಲ್ಲ. ಊಟದ ಸಾಲಿನಲ್ಲಿ ಪಕ್ಕದ ತಾಲ್ಲೂಕಿನ ಶಿಕ್ಷಕಿಯೊಬ್ಬರು ತಮ್ಮ ಶಾಲೆಯ ಬಗ್ಗೆ ಹೇಳಿದ ಮಾತಿನಿಂದ ಬಂದವು.

ಸರ್ಕಾರಿ ಕಡತಗಳಲ್ಲಿ ಈ ಚರ್ಚೆ ಬಹುಕಾಲದಿಂದ ದಿನ ಮತ್ತು ಗಂಟೆಗಳ ಲೆಕ್ಕವಾಗಿಯೇ ನಡೆದುಬಂದಿದೆ. 1964–66ರ ಕೊಠಾರಿ ಆಯೋಗವು ಪ್ರತಿ ಶಿಕ್ಷಕರಿಗೂ ಐದು ವರ್ಷಕ್ಕೊಮ್ಮೆ ಎರಡು-ಮೂರು ತಿಂಗಳ ಸೇವಾನಿರತ ಶಿಕ್ಷಣ ದೊರೆಯಬೇಕೆಂದಿತು. ಸರ್ವ ಶಿಕ್ಷಣ ಅಭಿಯಾನವು ಅದನ್ನು ವರ್ಷಕ್ಕೆ 20 ದಿನವೆಂದು ಗೊತ್ತುಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ವರ್ಷಕ್ಕೆ ಕನಿಷ್ಠ 50 ಗಂಟೆಗಳ ನಿರಂತರ ವೃತ್ತಿಪರ ಅಭಿವೃದ್ಧಿ ಎಂದಿತು. ಕರ್ನಾಟಕವು ತನ್ನದೇ ಶಿಕ್ಷಣ ನೀತಿಗಾಗಿ 2023ರಲ್ಲಿ ಆಯೋಗ ರಚಿಸಿರುವುದರಿಂದ ಅಂಕಿ ಮುಂದೆಯೂ ಬದಲಾಗಬಹುದು. ಆ ಗಂಟೆಗಳಲ್ಲಿ ಶಿಕ್ಷಕರು ಏನನ್ನು ಕಣ್ಣಿಟ್ಟು ನೋಡುತ್ತಾರೆ, ಯಾರ ಜೊತೆ ನೋಡುತ್ತಾರೆ, ಮರುದಿನ ಯಾವ ಪಾಠಕ್ಕೆ ಅದನ್ನು ಒಯ್ಯುತ್ತಾರೆ ಎಂಬುದನ್ನು ಮಾತ್ರ ಶಾಲೆಯೇ ನಿರ್ಧರಿಸಬೇಕಾಗುತ್ತದೆ. ಆರರಿಂದ ಎಂಟು ಶಿಕ್ಷಕರಿರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಅನುದಾನಿತ ಮತ್ತು ಖಾಸಗಿ ಶಾಲೆಗಳವರು ಅಲ್ಪಸ್ವಲ್ಪ ಬದಲಿಸಿಕೊಂಡು ಬಳಸಬಹುದು.

ಮೊದಲ ಹೆಜ್ಜೆ: ಮಕ್ಕಳ ತಪ್ಪು ಉತ್ತರಗಳಿಂದ ಆರಂಭಿಸಿ

ಯಾವ ತರಬೇತಿ ಬೇಕೆಂದು ಶಿಕ್ಷಕರನ್ನು ನೇರವಾಗಿ ಕೇಳುವುದು ಸೌಜನ್ಯದ ಕ್ರಮವೆನಿಸಿದರೂ ಅದರಿಂದ ಉಪಯೋಗ ಕಡಿಮೆ. ‘ಇಂಗ್ಲಿಷ್’, ‘ಗಣಿತ’, ‘ಕಂಪ್ಯೂಟರ್’ ಎಂಬ ಉತ್ತರಗಳು ಬರುತ್ತವೆ, ಮತ್ತು ಅವು ಕಳೆದ ವರ್ಷವೂ ಬಂದಿದ್ದ ಉತ್ತರಗಳೇ ಆಗಿರುತ್ತವೆ. ಇದಕ್ಕಿಂತ ಒಳ್ಳೆಯ ಸಾಮಗ್ರಿ ಜೂನ್ ತಿಂಗಳಿನಲ್ಲಿ ಎಲ್ಲ ಶಾಲೆಗಳ ಕಪಾಟಿನಲ್ಲೂ ಇರುತ್ತದೆ: ಹಿಂದಿನ ತರಗತಿಯ ಕಲಿಕೆಯನ್ನು ವರ್ಷಾರಂಭದಲ್ಲಿ ಮತ್ತೆ ಗಟ್ಟಿಮಾಡುವ ಸೇತುಬಂಧದ ನೈದಾನಿಕ ಪರೀಕ್ಷೆಯ (ಮಗು ಎಲ್ಲಿ ತಡವರಿಸುತ್ತಿದೆಯೆಂದು ತಿಳಿಯುವ ಪರೀಕ್ಷೆಯ) ಉತ್ತರ ಪತ್ರಿಕೆಗಳು. ನಾವು ಅವುಗಳಿಗೆ ಅಂಕ ಹಾಕಿ, ಕ್ರೋಡೀಕರಣ ನಮೂನೆಯಲ್ಲಿ ತುಂಬಿ, ದಾರ ಕಟ್ಟಿ ಇಟ್ಟುಬಿಡುತ್ತೇವೆ. ಆ ದಾರವನ್ನು ಬಿಚ್ಚುವುದೇ ಮೊದಲ ಕೆಲಸ.

ಐದನೆಯ ತರಗತಿಯ ಗಣಿತದ ಇಪ್ಪತ್ತು ಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿ, ಒಂದೇ ಪ್ರಶ್ನೆಯ ತಪ್ಪು ಉತ್ತರಗಳನ್ನು ಮಾತ್ರ ಎಲ್ಲ ಶಿಕ್ಷಕರೂ ಕೂಡಿ ನೋಡಿ. 503ರಿಂದ 278ನ್ನು ಕಳೆಯುವ ಲೆಕ್ಕವನ್ನು ತೆಗೆದುಕೊಳ್ಳೋಣ. ಸರಿಯುತ್ತರ 225. ತಪ್ಪಿದ ಮಕ್ಕಳಲ್ಲಿ ಒಬ್ಬರು 375 ಎಂದು ಬರೆದಿರುತ್ತಾರೆ, ಇನ್ನೊಬ್ಬರು 275, ಮತ್ತೊಬ್ಬರು 235. ಮೂವರಿಗೂ ನಾವು ಒಂದೇ ಕೆಂಪು ಗೆರೆ ಎಳೆದು ಒಂದೇ ಸೊನ್ನೆ ಕೊಟ್ಟಿರುತ್ತೇವೆ, ಆದರೆ ಅವರು ಎಡವಿದ ಜಾಗಗಳು ಬೇರೆ ಬೇರೆ. 375 ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆದಿದೆ. ಮೇಲಿನದು ಯಾವುದು, ಕೆಳಗಿನದು ಯಾವುದು ಎಂಬುದೇ ಅದಕ್ಕೆ ಮುಖ್ಯವಾಗಿಲ್ಲ. 275 ಬರೆದ ಮಗುವಿಗೆ ದಶಕ ತೆಗೆದುಕೊಳ್ಳಬೇಕೆಂಬುದು ಗೊತ್ತಿದೆ, ಆದರೆ ಹತ್ತರ ಸ್ಥಾನದಲ್ಲಿ ಸೊನ್ನೆ ಕಂಡು ಅದನ್ನು ದಾಟಿ ನೇರವಾಗಿ ನೂರರ ಮನೆಗೆ ಕೈಹಾಕಿ, ಐದನ್ನು ನಾಲ್ಕು ಮಾಡಿ, ಬಿಡಿ ಸ್ಥಾನವನ್ನು 13 ಮಾಡಿಕೊಂಡು, ನಡುವಿನ ಸೊನ್ನೆಯಿಂದ ಏಳನ್ನು ಕಳೆಯಬೇಕಾದಾಗ ಏಳನ್ನೇ ಕೆಳಗಿಳಿಸಿದೆ. 235 ಬರೆದ ಮಗು ಎಲ್ಲವನ್ನೂ ಬಹುಮಟ್ಟಿಗೆ ಸರಿಯಾಗಿಯೇ ಮಾಡಿದೆ. ನೂರನ್ನು ಬಿಡಿಸಿ ಹತ್ತು ಹತ್ತುಗಳನ್ನು ಮಾಡಿಕೊಂಡು, ಅದರಲ್ಲಿ ಒಂದನ್ನು ಬಿಡಿ ಸ್ಥಾನಕ್ಕೆ ಕೊಟ್ಟ ಮೇಲೆ ಅಲ್ಲಿ ಒಂಬತ್ತು ಉಳಿಯಿತೆಂಬುದನ್ನಷ್ಟೇ ಮರೆತಿದೆ.

ಈ ಮೂರು ಉತ್ತರಗಳ ಮುಂದೆ ಶಿಕ್ಷಕರನ್ನು ಅರ್ಧ ಗಂಟೆ ಕೂರಿಸಿದರೆ, ಯಾವ ಸಂಪನ್ಮೂಲ ವ್ಯಕ್ತಿಯೂ ಬಂದು ಹೇಳದೆಯೇ, ಮಾತು ತಾನಾಗಿ ನಮ್ಮ ಬೋಧನೆಯ ಕಡೆಗೆ ಹೊರಳುತ್ತದೆ. ‘ಪಕ್ಕದ ಮನೆಯಿಂದ ಸಾಲ ತಗೋ’ ಎಂದು ನಾವೆಲ್ಲರೂ ಹೇಳಿಕೊಟ್ಟಿದ್ದೇವೆ. ಪಕ್ಕದ ಮನೆಯಲ್ಲಿ ಸೊನ್ನೆಯಿದ್ದರೆ ಮಗು ಅದರಾಚೆಯ ಮನೆಗೆ ಹೋಗುವುದು ಸಹಜವೇ. ಸಾಲವೆಂದ ಮೇಲೆ ಹಿಂದಿರುಗಿಸಬೇಕಲ್ಲವೇ ಎಂದು ಮಗು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ, ಏಕೆಂದರೆ ಅದು ಸಾಲವೇ ಅಲ್ಲ, ಇರುವುದನ್ನೇ ಬಿಡಿಸಿಕೊಳ್ಳುವ ಕ್ರಿಯೆ. ಹೀಗೆ ತಪ್ಪಿನ ಮೂಲ ಮಗುವಿನ ತಲೆಯಲ್ಲಿ ಮಾತ್ರವಲ್ಲದೆ ನಮ್ಮ ಬಾಯಿಮಾತಿನಲ್ಲೂ ಇದೆಯೆಂದು ಶಿಕ್ಷಕರೇ ಕಂಡುಕೊಂಡ ಕ್ಷಣದಲ್ಲಿ ವೃತ್ತಿಪರ ಅಭಿವೃದ್ಧಿ ಆರಂಭವಾಗಿರುತ್ತದೆ.

ಇದರಿಂದ ಅರ್ಧ ವರ್ಷಕ್ಕೆ ಒಂದೇ ಪ್ರಶ್ನೆಯನ್ನು ಆರಿಸಿಕೊಳ್ಳಿ. ‘ಗಣಿತ ಕಲಿಕೆಯ ಗುಣಮಟ್ಟ ಹೆಚ್ಚಿಸುವುದು’ ಎಂಬುದು ಪ್ರಶ್ನೆಯಲ್ಲ, ಕ್ರಿಯಾ ಯೋಜನೆಯ ಮೊದಲ ಪುಟಕ್ಕೆ ಬೇಕಾದ ಅಲಂಕಾರ. ‘ನಡುವೆ ಸೊನ್ನೆ ಬಂದಾಗ ನಮ್ಮ ಮಕ್ಕಳು ಎಲ್ಲಿ ತಡವರಿಸುತ್ತಾರೆ, ಮತ್ತು ನಾವು ಆಡುವ ಯಾವ ಮಾತು ಅವರಿಗೆ ಅಡ್ಡಿಯಾಗುತ್ತದೆ’ ಎಂಬುದು ಪ್ರಶ್ನೆ. ಕನ್ನಡದಲ್ಲಾದರೆ, ಪಠ್ಯದ ಪ್ರಶ್ನೆಯಲ್ಲಿರುವ ಪದವನ್ನು ಹುಡುಕಿ ಆ ಪದವಿರುವ ವಾಕ್ಯವನ್ನೇ ಇಡಿಯಾಗಿ ನಕಲಿಳಿಸುವ ಅಭ್ಯಾಸವನ್ನು ಹಿಡಿಯಬಹುದು. ಅದು ಬಹುತೇಕ ಎಲ್ಲ ಶಾಲೆಗಳಲ್ಲೂ ಸಿಗುತ್ತದೆ, ಮತ್ತು ಸಮಾಜ ವಿಜ್ಞಾನದವರಿಗೂ ವಿಜ್ಞಾನದವರಿಗೂ ಅಷ್ಟೇ ಸಂಬಂಧಿಸಿದ್ದು. ಮೊದಲರ್ಧ ಗಣಿತವಾದರೆ ದಸರಾ ರಜೆಯ ನಂತರ ಭಾಷೆಯನ್ನು ತೆಗೆದುಕೊಂಡರೆ ಯಾರಿಗೂ ತಾವು ಹೊರಗುಳಿದೆವೆಂಬ ಭಾವನೆ ಬರುವುದಿಲ್ಲ.

ಎರಡನೆಯ ಹೆಜ್ಜೆ: ಸಮಯವನ್ನು ಕಾಗದದ ಮೇಲೆ ಗುರುತಿಸಿ

ಬಿಸಿಯೂಟದ ಲೆಕ್ಕ, ಮೊಟ್ಟೆ ಮತ್ತು ಬಾಳೆಹಣ್ಣಿನ ಲೆಕ್ಕ, ಮಕ್ಕಳ ಮಾಹಿತಿಯನ್ನು ಆನ್‌ಲೈನಿನಲ್ಲಿ ತುಂಬುವ ಸ್ಯಾಟ್ಸ್ ನಮೂದು, ಮಧ್ಯಾಹ್ನ ಮೂರಕ್ಕೆ ವಾಟ್ಸಾಪಿನಲ್ಲಿ ಬಂದು ನಾಲ್ಕಕ್ಕೆ ಉತ್ತರ ಬಯಸುವ ‘ತುರ್ತು ಮಾಹಿತಿ’ — ಇವುಗಳ ನಡುವೆ ಸಮಯವೆಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯು ಶಿಕ್ಷಕರ ವಾರದ ಕನಿಷ್ಠ 45 ಗಂಟೆಗಳ ಕೆಲಸದಲ್ಲಿ ಬೋಧನೆಯೊಂದಿಗೆ ಸಿದ್ಧತೆಯ ಗಂಟೆಗಳನ್ನೂ ಸೇರಿಸಿಯೇ ಹೇಳಿದೆ ಎಂಬುದನ್ನು ಮುಖ್ಯ ಶಿಕ್ಷಕರು ನೆನಪಿಡಬೇಕು. ಕೂಡಿ ಪಾಠ ಸಿದ್ಧಪಡಿಸುವುದು ಕಾನೂನಿನ ದೃಷ್ಟಿಯಲ್ಲಿಯೂ ಕೆಲಸವೇ, ಬಿಡುವಿನ ಹವ್ಯಾಸವಲ್ಲ.

ಹದಿನೈದು ದಿನಕ್ಕೊಮ್ಮೆ ಒಂದೂವರೆ ಗಂಟೆ ಸಾಕು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲಿನ ಸಮಯ ಬಹಳ ಶಾಲೆಗಳಿಗೆ ಹೊಂದುತ್ತದೆ. ಆದರೆ ಮಧ್ಯಾಹ್ನದ ಬಸ್ಸು ತಪ್ಪಿದರೆ ಸಂಜೆಯವರೆಗೆ ಬೇರೆ ಬಸ್ಸಿಲ್ಲದ ಊರಿನಲ್ಲಿ, ಮನೆಯಲ್ಲಿ ಚಿಕ್ಕ ಮಕ್ಕಳನ್ನು ಬಿಟ್ಟು ಬಂದಿರುವ ಶಿಕ್ಷಕಿಯರಿಂದ ಈ ಸಮಯವನ್ನು ಕೇಳುವುದು ಅನ್ಯಾಯವಾಗುತ್ತದೆ; ಅಂಥಲ್ಲಿ ವಾರದ ಒಂದು ದಿನ ಕೊನೆಯ ಅವಧಿಯನ್ನು ಆಟ, ಗ್ರಂಥಾಲಯ, ಸಾಂಸ್ಕೃತಿಕ ಚಟುವಟಿಕೆಗಳಿಗೆ ಒಟ್ಟುಗೂಡಿಸಿ, ದೈಹಿಕ ಶಿಕ್ಷಕರು ಮತ್ತು ಒಬ್ಬ ಸಹಶಿಕ್ಷಕರ ಮೇಲ್ವಿಚಾರಣೆಗೆ ಒಪ್ಪಿಸಿ, ಉಳಿದವರು ಕೂರಬಹುದು. ಆ ಒಬ್ಬ ಸಹಶಿಕ್ಷಕರು ಪ್ರತಿ ಬಾರಿಯೂ ಬೇರೆಯವರಾಗಿರಲಿ. ದಸರಾ ರಜೆ ಮತ್ತು ಪರೀಕ್ಷೆಯ ವಾರಗಳನ್ನು ಕಳೆದರೂ ವರ್ಷಕ್ಕೆ 16 ಸಭೆಗಳಾಗುತ್ತವೆ, ಎಂದರೆ 24 ಗಂಟೆ; ನೀತಿಯು ಹೇಳುವ 50 ಗಂಟೆಗಳಲ್ಲಿ ಹತ್ತಿರಹತ್ತಿರ ಅರ್ಧ. ಹದಿನಾರೂ ದಿನಾಂಕಗಳನ್ನು ಜೂನ್‌ನಲ್ಲಿಯೇ ವೇಳಾಪಟ್ಟಿಯ ಪಕ್ಕದಲ್ಲಿ ಅಂಟಿಸಿ. ದಿನಾಂಕ ಗೊತ್ತಿಲ್ಲದ ಸಭೆ ನಡೆಯುವುದಿಲ್ಲವೆಂಬುದು ನನ್ನ ಅನುಭವ.

ಮೂರನೆಯ ಹೆಜ್ಜೆ: ಸುತ್ತೋಲೆಗೆ ಬಾಗಿಲು ಹಾಕಿ

ಈ ಸಭೆಯಲ್ಲಿ ಸುತ್ತೋಲೆ ಓದಬಾರದು, ಸಮವಸ್ತ್ರ ವಿತರಣೆಯ ಮಾತು ಬರಬಾರದು, ಬಾಕಿ ವರದಿ ಕೇಳಬಾರದು. ಸಿಬ್ಬಂದಿ ಸಭೆ ಬೇರೆ, ಇದು ಬೇರೆ. ಒಮ್ಮೆ ಎರಡನ್ನೂ ಬೆರೆಸಿದರೆ ಸುತ್ತೋಲೆಯೇ ಗೆಲ್ಲುತ್ತದೆ. ಮೇಜಿನ ಮೇಲೆ ಪ್ರತಿ ಬಾರಿಯೂ ಮಕ್ಕಳ ಕೈಬರಹದ ಏನಾದರೂ ಇರಲೇಬೇಕು ಎಂಬ ಒಂದೇ ನಿಯಮ ಸಾಕಾಗುತ್ತದೆ.

ನಾಲ್ಕನೆಯ ಹೆಜ್ಜೆ: ಒಂದು ಪಾಠವನ್ನು ಎಲ್ಲರೂ ಕೂಡಿ ಕಟ್ಟಿ

ಜಪಾನಿನ ಶಾಲೆಗಳಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಒಂದು ರೂಢಿಯಿದೆ: ಶಿಕ್ಷಕರು ಗುಂಪಾಗಿ ಒಂದು ಪಾಠವನ್ನು ರೂಪಿಸುತ್ತಾರೆ, ಒಬ್ಬರು ಅದನ್ನು ಮಾಡುತ್ತಾರೆ, ಉಳಿದವರು ಕುಳಿತು ಮಕ್ಕಳನ್ನು ನೋಡುತ್ತಾರೆ, ಮುಗಿದ ಮೇಲೆ ಮಾತನಾಡಿ ಪಾಠವನ್ನು ತಿದ್ದುತ್ತಾರೆ. ಜುಗ್ಯೋ ಕೆಂಕ್ಯೂ ಎಂಬ ಈ ಪಾಠ ಅಧ್ಯಯನಕ್ಕೆ ವಿಶೇಷ ಸಲಕರಣೆ ಬೇಡ, ಹೊರಗಿನ ತಜ್ಞರಿಲ್ಲದೆಯೂ ಆರಂಭಿಸಬಹುದು. ನಮ್ಮ ಶಾಲೆಗಳಿಗೆ ಇದು ಹೊಂದುವುದು ಹೀಗೆ.

ಆಯ್ದ ಪ್ರಶ್ನೆಗೆ ಸಂಬಂಧಿಸಿದ ಒಂದೇ ಅವಧಿಯ ಪಾಠವನ್ನು ಎರಡು ಸಭೆಗಳಲ್ಲಿ ಸಿದ್ಧಪಡಿಸಿ. ವ್ಯವಕಲನದ ಉದಾಹರಣೆಯನ್ನೇ ಮುಂದುವರಿಸಿದರೆ, ಮಕ್ಕಳ ಕೈಗೆ ಕಾಗದದ ನೋಟುಗಳನ್ನು ಕೊಡಬಹುದು: ನೂರರ ಐದು ನೋಟು, ಒಂದು ರೂಪಾಯಿಯ ಮೂರು ನಾಣ್ಯ. ಅಂಗಡಿಯವನಿಗೆ 278 ರೂಪಾಯಿ ಕೊಡಬೇಕು, ಅವನ ಬಳಿ ವಾಪಸು ಕೊಡಲು ಚಿಲ್ಲರೆಯಿಲ್ಲ. ಮೂಲೆಯಲ್ಲಿ ಕುಳಿತ ‘ಬ್ಯಾಂಕಿನ’ ಹುಡುಗ ಮಾತ್ರ ನೋಟು ಮುರಿದುಕೊಡುತ್ತಾನೆ, ಆದರೆ ನೂರಕ್ಕೆ ಹತ್ತರ ನೋಟುಗಳನ್ನೂ ಹತ್ತಕ್ಕೆ ಒಂದರ ನಾಣ್ಯಗಳನ್ನೂ ಬಿಟ್ಟರೆ ಬೇರೇನನ್ನೂ ಕೊಡುವುದಿಲ್ಲ. ಸಾಲವೆಂಬ ಮಾತು ಇಲ್ಲಿ ಬೇಕಾಗುವುದೇ ಇಲ್ಲ. ಸಂತೆಗೆ ಹೋಗಿಬಂದ ಮಗುವಿಗೆ ಚಿಲ್ಲರೆ ಮಾಡಿಸುವುದೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಪಾಠ ಯೋಜನೆಯನ್ನು ನಮೂನೆಯ ಕಲಂಗಳಿಗೆ ತುಂಬುವ ಮೊದಲು ಒಂದು ಬಿಳಿಹಾಳೆಯಲ್ಲಿ ಮೂರು ಸಂಗತಿ ಬರೆದುಕೊಳ್ಳಿ: ಮಕ್ಕಳ ಮುಂದಿಡುವ ಪ್ರಶ್ನೆಯ ಮಾತುಗಳು ಯಥಾವತ್ತಾಗಿ, ಅದಕ್ಕೆ ಮಕ್ಕಳು ಕೊಡಬಹುದಾದ ನಾಲ್ಕೈದು ಉತ್ತರಗಳು, ಪ್ರತಿ ಉತ್ತರಕ್ಕೂ ಶಿಕ್ಷಕರು ಮುಂದೆ ಕೇಳುವ ಮಾತು. ಎರಡನೆಯದನ್ನು ಬರೆಯುವುದೇ ಕಷ್ಟ. ಇಪ್ಪತ್ತು ವರ್ಷ ಕಲಿಸಿದವರೂ ಸರಿಯುತ್ತರವನ್ನು ತಕ್ಷಣ ಬರೆದು, ತಪ್ಪು ಉತ್ತರಗಳನ್ನು ಊಹಿಸಲು ತಿಣುಕುವುದನ್ನು ನಾನು ನೋಡಿದ್ದೇನೆ. ಅದಕ್ಕೇ ಮೊದಲ ಹೆಜ್ಜೆಯಲ್ಲಿ ಉತ್ತರ ಪತ್ರಿಕೆಗಳ ದಾರ ಬಿಚ್ಚಿಸಿದ್ದು.

ಐದನೆಯ ಹೆಜ್ಜೆ: ತರಗತಿಯ ಬಾಗಿಲು ತೆರೆಯಿರಿ, ಮೊದಲು ನಿಮ್ಮದನ್ನು

ನಮ್ಮ ವ್ಯವಸ್ಥೆಯಲ್ಲಿ ತರಗತಿಗೆ ಮತ್ತೊಬ್ಬರು ಬರುತ್ತಾರೆಂದರೆ ತಪಾಸಣೆಯೆಂದೇ ಅರ್ಥ. ಬಂದವರು ಹಾಜರಿ ಪುಸ್ತಕ ನೋಡುತ್ತಾರೆ, ಪಾಠ ಟಿಪ್ಪಣಿ ಕೇಳುತ್ತಾರೆ, ಸಂದರ್ಶನ ಪುಸ್ತಕದಲ್ಲಿ ನಾಲ್ಕು ಸಾಲು ಬರೆದು ಹೋಗುತ್ತಾರೆ. ಈ ಭಯ ಭಾಷಣದಿಂದ ಹೋಗುವುದಿಲ್ಲ. ಕೂಡಿ ಕಟ್ಟಿದ ಮೊದಲ ಪಾಠವನ್ನು ಮುಖ್ಯ ಶಿಕ್ಷಕರೇ ಎಲ್ಲರೆದುರು ಮಾಡಬೇಕು. ನಾನು ಹಾಗೆ ಮಾಡಿದ ದಿನ ನನ್ನ ಸಹೋದ್ಯೋಗಿಯೊಬ್ಬರು ನಾನು ಕೇಳಿದ ಪ್ರಶ್ನೆಗಳನ್ನು ಎಣಿಸಿದ್ದರು. ಒಟ್ಟು ಇಪ್ಪತ್ತೆರಡು ಪ್ರಶ್ನೆ ಕೇಳಿದ್ದೆ, ಅದರಲ್ಲಿ ಹದಿನಾಲ್ಕಕ್ಕೆ ಮಕ್ಕಳು ಬಾಯಿ ತೆರೆಯುವ ಮೊದಲೇ ನಾನೇ ಉತ್ತರ ಹೇಳಿದ್ದೆ. ಅಷ್ಟು ವರ್ಷ ನನ್ನನ್ನು ಸಹನೆಯ ಶಿಕ್ಷಕನೆಂದು ತಿಳಿದುಕೊಂಡಿದ್ದೆ. ಎಲ್ಲರೂ ನಕ್ಕರು, ನಾನೂ ನಕ್ಕೆ; ಮುಂದಿನ ಪಾಠಕ್ಕೆ ಇಬ್ಬರು ತಾವಾಗಿಯೇ ಮುಂದೆ ಬಂದರು.

ನೋಡುವವರು ಹಿಂದಿನ ಗೋಡೆಗೆ ಒರಗಿ ಶಿಕ್ಷಕರನ್ನು ನೋಡಬಾರದು. ಪಕ್ಕದಲ್ಲಿ, ಮಕ್ಕಳ ಮುಖ ಮತ್ತು ನೋಟ್‌ಬುಕ್ ಕಾಣುವಂತೆ ಕುಳಿತು, ಒಬ್ಬೊಬ್ಬರೂ ಮೂರು ಅಥವಾ ನಾಲ್ಕು ಮಕ್ಕಳನ್ನು ಮಾತ್ರ ಆರಿಸಿಕೊಂಡು ಅವರನ್ನೇ ಅವಧಿಯುದ್ದಕ್ಕೂ ಗಮನಿಸಬೇಕು. ಮಗುವಿಗೆ ಸಹಾಯ ಮಾಡಬಾರದು; ಶಿಕ್ಷಕರಾದವರಿಗೆ ಇದಕ್ಕಿಂತ ಕಷ್ಟದ ನಿಯಮವಿಲ್ಲ. ಕಂಡದ್ದನ್ನು ಕಂಡಂತೆ ಬರೆದುಕೊಳ್ಳಬೇಕು. ‘ಪಾಠ ಚೆನ್ನಾಗಿತ್ತು. ಕಪ್ಪುಹಲಗೆಯ ಬಳಕೆ ಉತ್ತಮ. ಮಕ್ಕಳು ಸಕ್ರಿಯವಾಗಿ ಭಾಗವಹಿಸಿದರು’ ಎಂಬ ಟಿಪ್ಪಣಿಯನ್ನು ತರಗತಿಗೆ ಹೋಗದೆಯೂ ಬರೆಯಬಹುದು. ಉಪಯೋಗಕ್ಕೆ ಬರುವ ಟಿಪ್ಪಣಿ ಹೀಗಿರುತ್ತದೆ:

10.52 — ಎರಡನೆಯ ಸಾಲಿನ ಹುಡುಗಿ ನೂರರ ಒಂದು ನೋಟು ಕೊಟ್ಟು ಹತ್ತರ ಹತ್ತು ನೋಟು ತಂದಳು.
10.54 — ಎಂಟು ಒಂದರ ನಾಣ್ಯ ಕೊಡಲು ಹೋಗಿ, ಮೂರೇ ಇರುವುದನ್ನು ಎರಡು ಬಾರಿ ಎಣಿಸಿದಳು.
10.55 — ‘ಇನ್ನೊಂದ್ಸಲ ಬ್ಯಾಂಕಿಗೆ ಹೋಗ್ಬೇಕು’ ಎಂದು ಪಕ್ಕದವಳಿಗೆ ಹೇಳಿದಳು.
10.58 — ಬಂದ ಮೇಲೆ ನೋಟ್‌ಬುಕ್ಕಿನಲ್ಲಿ 10ನ್ನು ಹೊಡೆದುಹಾಕಿ 9 ಎಂದು ಬರೆದಳು. ಯಾರೂ ಹೇಳಿಕೊಟ್ಟಿರಲಿಲ್ಲ.
11.03 — ಅವಳ ಹಿಂದಿನ ಹುಡುಗ ಮೊದಲಿನಿಂದಲೂ ನೋಟುಗಳನ್ನು ಮುಟ್ಟಿಲ್ಲ. ಹಲಗೆಯ ಮೇಲಿನ ಉತ್ತರ ಬರೆದುಕೊಂಡ.

ಕೊನೆಯ ಸಾಲು ಪಾಠ ಮಾಡುತ್ತಿದ್ದ ಶಿಕ್ಷಕರಿಗೆ ಕಾಣಿಸುವುದು ಸಾಧ್ಯವಿರಲಿಲ್ಲ. ಮತ್ತೊಬ್ಬರ ಕಣ್ಣು ಬೇಕಾಗುವುದು ಇಂಥ ಸಾಲಿಗಾಗಿ.

ಈ ಟಿಪ್ಪಣಿಗಳನ್ನು ಯಾವ ಕಾರಣಕ್ಕೂ ಸೇವಾ ದಾಖಲೆಗಾಗಲೀ ಕಾರ್ಯನಿರ್ವಹಣಾ ವರದಿಗಾಗಲೀ ಬಳಸಬಾರದು. ಫೋಟೋ ತೆಗೆದು ಗುಂಪಿಗೆ ಹಾಕುವುದೂ ಬೇಡ. ಒಮ್ಮೆ ಬಳಸಿದರೆ ಮುಂದೆ ಯಾರೂ ತಮ್ಮ ನಿಜವಾದ ಪಾಠವನ್ನು ತೋರಿಸುವುದಿಲ್ಲ, ಮೊದಲೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಪ್ರದರ್ಶನ ಪಾಠವನ್ನು ತೋರಿಸುತ್ತಾರೆ.

ಆರನೆಯ ಹೆಜ್ಜೆ: ನಂತರದ ಮಾತನ್ನು ಪಾಠ ಮಾಡಿದವರಿಂದ ಆರಂಭಿಸಿ

ಪಾಠ ಮುಗಿದ ದಿನವೇ, ಹೆಚ್ಚೆಂದರೆ ಮರುದಿನ, ಮುಕ್ಕಾಲು ಗಂಟೆ ಕೂರಬೇಕು. ಮೊದಲ ಮಾತು ಪಾಠ ಮಾಡಿದವರದು. ನಂತರ ನೋಡಿದವರು ತಮ್ಮ ಟಿಪ್ಪಣಿಯನ್ನು ಓದಬೇಕು, ಅಭಿಪ್ರಾಯವನ್ನಲ್ಲ. ಹಿರಿಯರಿದ್ದಾರೆಂದು ಕಿರಿಯರು ಸುಮ್ಮನಾಗುವುದು ನಮ್ಮಲ್ಲಿ ಹೆಚ್ಚು. ಹಾಗಾಗಿ ಓದುವ ಸರದಿ ಸೇವೆಯಲ್ಲಿ ಕಿರಿಯರಾದವರಿಂದ ಆರಂಭವಾಗಲಿ. ಮಾತು ಹೇಗಿದ್ದರೆ ಒಳ್ಳೆಯದೆಂಬುದಕ್ಕೆ ಒಂದು ಮಾದರಿ:

“ಮೇಡಂ, ನಾನು ನೋಡ್ತಿದ್ದ ಹುಡುಗ ನೋಟು ಮುಟ್ಟಲೇ ಇಲ್ಲ. ನೀವು ಹಲಗೆ ಮೇಲೆ ಉತ್ತರ ಬರೆದ ತಕ್ಷಣ ಬರ್ಕೊಂಡ.”

“ಹೌದಾ ಸರ್? ಅವನು ಬೇಗ ಮುಗಿಸಿದ್ದಾನೆ ಅಂತ ನಾನು ಶಭಾಷ್ ಅಂದೆನಲ್ಲ!”

“ಉತ್ತರ ಬರೆಯೋದನ್ನ ಐದು ನಿಮಿಷ ತಡ ಮಾಡಿದ್ರೆ ಏನಾಗ್ತಿತ್ತು?”

“ಆರನೇ ತರಗತೀಲಿ ಗುರುವಾರ ಮಾಡ್ತೀನಲ್ಲ, ಅಲ್ಲಿ ಬರೆಯದೇ ನೋಡ್ತೀನಿ.”

ಇಲ್ಲಿ ಯಾರೂ ಯಾರನ್ನೂ ಹೊಗಳಲಿಲ್ಲ, ತೆಗಳಲೂ ಇಲ್ಲ, ಮತ್ತು ಮಾತು ಒಂದು ನಿರ್ದಿಷ್ಟ ದಿನದ ನಿರ್ದಿಷ್ಟ ಪಾಠದ ಮೇಲೆ ಬಂದು ನಿಂತಿತು. ‘ಇನ್ನೂ ಚೆನ್ನಾಗಿ ಮಾಡಬಹುದಿತ್ತು’ ಎಂಬ ವಾಕ್ಯ ಕೇಳಿಬಂದಾಗಲೆಲ್ಲ ‘ಯಾವ ಮಗುವಿನಲ್ಲಿ ಏನು ಕಂಡಿರಿ?’ ಎಂದು ಕೇಳುವುದು ಸಭೆ ನಡೆಸುವವರ ಕೆಲಸ.

ಏಳನೆಯ ಹೆಜ್ಜೆ: ಇಲಾಖೆಯ ತರಬೇತಿಯನ್ನು ಶಾಲೆಯ ಪ್ರಶ್ನೆಗೆ ಕಟ್ಟಿ

ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಅಥವಾ ಬ್ಲಾಕ್ ಸಂಪನ್ಮೂಲ ಕೇಂದ್ರದಿಂದ ಬರುವ ತರಬೇತಿಗಳನ್ನು ದೂರುತ್ತ ಕೂರುವುದರಿಂದ ಲಾಭವಿಲ್ಲ. ರಾಜ್ಯದಲ್ಲಿ ಸಿದ್ಧವಾದ ಸಾಹಿತ್ಯ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಶಿಕ್ಷಕರಿಗೆ ಇಳಿಯುವ ಈ ಕ್ರಮದಲ್ಲಿ ಪ್ರತಿ ಮೆಟ್ಟಿಲಿನಲ್ಲೂ ಸ್ವಲ್ಪ ಸೋರಿಹೋಗುತ್ತದೆ. ಮೇಲೆ ಚಟುವಟಿಕೆಯಾಗಿದ್ದದ್ದು ಕೆಳಗೆ ಬರುವ ಹೊತ್ತಿಗೆ ಪಿಪಿಟಿಯ ಸಾಲನ್ನು ಓದಿಹೇಳುವುದಾಗಿರುತ್ತದೆ. ಆದರೂ ಅಲ್ಲಿ ಸಿಗುವುದನ್ನು ಹಿಡಿದುಕೊಳ್ಳುವ ದಾರಿಯಿದೆ.

ತರಬೇತಿಗೆ ಹೋಗುವ ಶಿಕ್ಷಕರ ಕೈಗೆ ಶಾಲೆಯ ಪ್ರಶ್ನೆಯನ್ನೂ, ಆ ಮೂರು ತಪ್ಪು ಉತ್ತರಗಳಂಥ ಎರಡು ಮಕ್ಕಳ ಹಾಳೆಗಳನ್ನೂ ಕೊಟ್ಟು ಕಳುಹಿಸಿ. ‘ಇದಕ್ಕೆ ಏನು ಮಾಡಬೇಕೆಂದು ಅಲ್ಲಿ ಕೇಳಿ ಬನ್ನಿ’ ಎಂದು ಹೇಳಿ. ಖಾಲಿ ಕೈಯಲ್ಲಿ ಹೋದವರು ಕಿಟ್ ಹಿಡಿದು ಬರುತ್ತಾರೆ, ಹಾಳೆ ಹಿಡಿದು ಹೋದವರು ಉತ್ತರವನ್ನು, ಕನಿಷ್ಠಪಕ್ಷ ಒಂದು ಜಗಳವನ್ನು ಹೊತ್ತು ಬರುತ್ತಾರೆ. ಹಿಂದಿರುಗಿದ ಮೇಲೆ ಸಿಬ್ಬಂದಿ ಸಭೆಯಲ್ಲಿ ಹತ್ತು ನಿಮಿಷ ‘ತರಬೇತಿಯ ಸಾರಾಂಶ’ ಹೇಳಿಸುವ ಬದಲು, ಅಲ್ಲಿ ಕಂಡ ಒಂದೇ ಚಟುವಟಿಕೆಯನ್ನು ವಾರದೊಳಗೆ ತಮ್ಮ ತರಗತಿಯಲ್ಲಿ ಮಾಡಿ ಇಬ್ಬರಿಗೆ ತೋರಿಸಲು ಹೇಳಿ. ಓಓಡಿ (ಶಾಲೆಯ ಹೊರಗಿನ ಅಧಿಕೃತ ಕರ್ತವ್ಯ) ಮೇಲೆ ಶಿಕ್ಷಕರು ಹೋದ ದಿನಗಳಲ್ಲಿ ಅವರ ತರಗತಿಗೆ ಯಾರು, ಯಾವ ಪಾಠ ಎಂಬುದನ್ನು ಹಿಂದಿನ ದಿನವೇ ಬರೆದಿಡಬೇಕೆಂಬುದನ್ನು ಹೇಳಬೇಕಾಗಿಲ್ಲವಾದರೂ ಹೇಳುತ್ತಿದ್ದೇನೆ, ಏಕೆಂದರೆ ತರಬೇತಿಯ ಹೆಸರಿನಲ್ಲಿ ಮಕ್ಕಳು ಕಳೆದುಕೊಳ್ಳುವ ಪಾಠಗಳನ್ನು ನಾವು ಯಾರೂ ಲೆಕ್ಕವಿಡುವುದಿಲ್ಲ.

2019ರಲ್ಲಿ ಆರಂಭವಾದ, ಶಿಕ್ಷಕರ ತರಬೇತಿಗಾಗಿ ಕೇಂದ್ರ ಸರ್ಕಾರ ನಡೆಸುವ ನಿಷ್ಠಾ ಕಾರ್ಯಕ್ರಮದ ಕೋರ್ಸುಗಳು ಮತ್ತು ದೀಕ್ಷಾ ಎಂಬ ಆನ್‌ಲೈನ್ ವೇದಿಕೆಯ ಇತರ ಕೋರ್ಸುಗಳ ಕಥೆ ಬೇರೆಯದು. ವಿಡಿಯೋವನ್ನು ಮೊಬೈಲಿನಲ್ಲಿ ಓಡಲು ಬಿಟ್ಟು ಅಡುಗೆ ಮಾಡಿದರೂ ಪ್ರಮಾಣಪತ್ರ ಬರುತ್ತದೆಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಅದೇ ವಿಡಿಯೋವನ್ನು ಸಭೆಯಲ್ಲಿ ಪರದೆಯ ಮೇಲೆ ಹಾಕಿ, ಶಿಕ್ಷಕರು ಪ್ರಶ್ನೆ ಕೇಳುವ ಕ್ಷಣದಲ್ಲಿ ನಿಲ್ಲಿಸಿ, ‘ನಮ್ಮ ಮಕ್ಕಳು ಇದಕ್ಕೆ ಏನು ಹೇಳುತ್ತಾರೆ?’ ಎಂದು ಚರ್ಚಿಸಿ ಮುಂದುವರಿಸಿದರೆ ಎಂಟು ನಿಮಿಷದ ವಿಡಿಯೋ ಒಂದು ಗಂಟೆಯ ಕೆಲಸ ಕೊಡುತ್ತದೆ.

ಎಂಟನೆಯ ಹೆಜ್ಜೆ: ಇಬ್ಬರೇ ಶಿಕ್ಷಕರಿರುವ ಶಾಲೆಗಳನ್ನು ಜೊತೆಗೂಡಿಸಿ

ಒಂದರಿಂದ ಐದನೆಯ ತರಗತಿಯವರೆಗಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇಬ್ಬರೇ ಇದ್ದಾಗ ಮೇಲಿನ ಯಾವ ಹೆಜ್ಜೆಯೂ ಹಾಗೆಯೇ ನಡೆಯುವುದಿಲ್ಲ. ಹತ್ತಿರದ ಮೂರು ಶಾಲೆಗಳು ಸೇರಿ ಒಂದು ಗುಂಪಾಗಿ, ತಿಂಗಳಿಗೊಮ್ಮೆ ಸರದಿಯಂತೆ ಒಂದೊಂದು ಶಾಲೆಯಲ್ಲಿ ಕೂಡಬೇಕು. ಒಂದು ಪಾಠವನ್ನು ಅಲ್ಲಿಯ ಮಕ್ಕಳೊಂದಿಗೇ ಮಾಡಿ ನೋಡಬೇಕು. ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಸಮಾಲೋಚನಾ ಸಭೆಯ ಒಂದು ಭಾಗವನ್ನು ಇದಕ್ಕೆ ಬಿಟ್ಟುಕೊಡುವಂತೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿಯವರನ್ನು ಕೇಳಿ. ಮಾಹಿತಿ ಸಂಗ್ರಹಿಸುವ ಕೆಲಸದಲ್ಲೇ ಅವರ ದಿನ ಕಳೆಯುವುದರಿಂದ, ಶಾಲೆಗಳಿಂದಲೇ ಸಿದ್ಧವಾದ ಯೋಜನೆ ಬಂದರೆ ಬಹಳ ಮಂದಿ ಸಂತೋಷದಿಂದ ಒಪ್ಪುತ್ತಾರೆ.

ಇದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, ಒಂದೇ ಕೋಣೆಯಲ್ಲಿ ಹಲವು ತರಗತಿಗಳನ್ನು ಕೂರಿಸಿ ಕಲಿಸುವ ತಮ್ಮ ತೊಂದರೆಯನ್ನು ಮುಂದಿಟ್ಟುಕೊಂಡು, ಕಾರ್ಡುಗಳನ್ನೂ ಹಾಡುಗಳನ್ನೂ ಕಲಿಕಾ ಏಣಿಯನ್ನೂ (ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಾಗಿ ಜೋಡಿಸಿದ ಪಟ್ಟಿಯನ್ನೂ) ತಾವೇ ಕೂಡಿ ಕಟ್ಟಿದ್ದರಿಂದ ನಲಿ-ಕಲಿ ಎಂಬ ಕಲಿಕಾ ಕ್ರಮ ಹುಟ್ಟಿತು. 2009–10ರ ಹೊತ್ತಿಗೆ ಅದು ರಾಜ್ಯದಾದ್ಯಂತ ಸರ್ಕಾರಿ ಶಾಲೆಗಳ ಆರಂಭದ ತರಗತಿಗಳಿಗೆ ಹಬ್ಬಿತು. ಹಬ್ಬಿದ ಮೇಲೆ ಬಂದ ಶಿಕ್ಷಕರಿಗೆ ಕಾರ್ಡುಗಳು ಸಿಕ್ಕವು, ಅವುಗಳನ್ನು ಕಟ್ಟಿದ ಅನುಭವ ಸಿಗಲಿಲ್ಲ. ಏಣಿಯ ಯಾವ ಮೆಟ್ಟಿಲು ಏಕೆ ಅಲ್ಲಿದೆಯೆಂದು ಕೇಳಿದರೆ ಉತ್ತರಿಸಲಾಗದ ಸ್ಥಿತಿ ಹಲವೆಡೆ ಉಂಟಾಗಿದ್ದು ಅದರಿಂದಲೇ ಎಂಬುದು ನನ್ನ ತಿಳಿವಳಿಕೆ. ನಿಮ್ಮ ಗುಂಪು ಮಾಡಿದ ಪಾಠವನ್ನು ಪಕ್ಕದ ಕ್ಲಸ್ಟರಿಗೆ ಕೊಡುವಾಗಲೂ ಪಾಠದ ಜೊತೆಗೆ ಅದು ಹುಟ್ಟಿದ ತಪ್ಪು ಉತ್ತರಗಳನ್ನೂ ಕೊಡಿ.

ಅತಿಥಿ ಶಿಕ್ಷಕರ ವಿಷಯದಲ್ಲಿ ಒಂದು ಮಾತು. ಅನೇಕ ಶಾಲೆಗಳಲ್ಲಿ ಗಣಿತ ಅಥವಾ ಇಂಗ್ಲಿಷ್ ಕಲಿಸುತ್ತಿರುವವರು ಅವರೇ, ಆದರೆ ತರಬೇತಿಯ ಪಟ್ಟಿಯಲ್ಲಿ ಅವರ ಹೆಸರು ಬರುವುದು ಅಪರೂಪ. ಶಾಲೆಯ ಸಭೆಯಲ್ಲಿ ಅವರು ಇರಲೇಬೇಕು. ಅವರ ಗೌರವಧನ ಶಾಲಾ ಸಮಯದ ಕೆಲಸಕ್ಕೆ ಮಾತ್ರ ಇರುವುದರಿಂದ, ಅವರಿಗಾಗಿ ಸಭೆಯನ್ನು ಶಾಲಾ ಸಮಯದೊಳಗೇ ಇಡುವುದು ಮರ್ಯಾದೆಯ ಕ್ರಮ.

ಖರ್ಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಳಿಹಾಳೆ, ನೆರಳಚ್ಚು, ಚಹಾ. ಶಾಲಾ ಅನುದಾನದಲ್ಲಿ ಇದಕ್ಕೆ ಜಾಗವಾಗದಿದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಮುಂದಿಡಿ; ಮೊದಲು ಸದಸ್ಯರನ್ನು ಕರೆದು ಒಂದು ಪಾಠ ತೋರಿಸಿ, ಆಮೇಲೆ ಕೇಳಿ.

ಒಂಬತ್ತನೆಯ ಹೆಜ್ಜೆ: ಅದೇ ಲೆಕ್ಕವನ್ನು ಮತ್ತೆ ಕೊಡಿ

ನಡೆದ ಕೆಲಸದಿಂದ ಏನಾದರೂ ಆಯಿತೇ ಎಂದು ತಿಳಿಯಲು ಹಾಜರಿ ಸಹಿ, ಪ್ರಮಾಣಪತ್ರ, ಅಭಿಪ್ರಾಯ ನಮೂನೆ ಯಾವುದೂ ಸಾಲದು. ಆರು ವಾರಗಳ ನಂತರ, ಮುನ್ಸೂಚನೆಯಿಲ್ಲದೆ, ಅದೇ ಬಗೆಯ ಐದು ಲೆಕ್ಕಗಳನ್ನು ಕೊಡಿ: 604ರಿಂದ 237, 800ರಿಂದ 456, ಹೀಗೆ. ಸರಿಯುತ್ತರಗಳ ಸಂಖ್ಯೆಯನ್ನಷ್ಟೇ ಅಲ್ಲದೆ ತಪ್ಪುಗಳ ಬಗೆಯನ್ನೂ ಎಣಿಸಿ. 375ರ ಬಗೆಯ ತಪ್ಪು ಕಡಿಮೆಯಾಗಿ 235ರ ಬಗೆಯದು ಹೆಚ್ಚಾಗಿದ್ದರೆ ಅಂಕಪಟ್ಟಿಯಲ್ಲಿ ಏನೂ ಬದಲಾಗಿರುವುದಿಲ್ಲ, ಆದರೆ ಮಕ್ಕಳು ಬಹಳ ದೂರ ಬಂದಿರುತ್ತಾರೆ. ಏನೂ ಬದಲಾಗಿಲ್ಲವೆಂದು ಕಂಡರೆ ಅದನ್ನೂ ಹಾಗೆಯೇ ಬರೆದಿಟ್ಟು ಪಾಠವನ್ನು ತಿದ್ದಿ. ಮೊದಲ ವರ್ಷ ನಾವು ಕಟ್ಟಿದ ಮೂರು ಪಾಠಗಳಲ್ಲಿ ಒಂದು ಸಂಪೂರ್ಣ ಕೈಕೊಟ್ಟಿತು, ಮತ್ತು ಹೆಚ್ಚು ಹೊತ್ತು ಮಾತನಾಡಿದ್ದು ಅದರ ಬಗ್ಗೆಯೇ.

ಇದೆಲ್ಲವೂ ಇನ್ನೂರು ಪುಟದ ಒಂದು ವಹಿಯಲ್ಲಿರಲಿ. ಪ್ರತಿ ಸಭೆಗೆ ಎರಡು ಪುಟ: ಎಡಪುಟದಲ್ಲಿ ದಿನಾಂಕ, ಇದ್ದವರು, ಅಂದಿನ ಪ್ರಶ್ನೆ, ಮಕ್ಕಳ ಉತ್ತರದ ಒಂದೆರಡು ಹಾಳೆಗಳನ್ನು ಹೆಸರು ಕತ್ತರಿಸಿ ಅಂಟಿಸಿದ್ದು, ಬಲಪುಟದಲ್ಲಿ ನಿರ್ಧರಿಸಿದ ಪಾಠ, ಯಾರು ಯಾವಾಗ ಮಾಡುತ್ತಾರೆಂಬುದು, ಮಾಡಿದ ಮೇಲೆ ಕಂಡದ್ದು. ಬಲಪುಟ ಖಾಲಿ ಉಳಿದ ಸಭೆ ನಡೆದಿಲ್ಲವೆಂದೇ ಲೆಕ್ಕ. ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ಮುಖ್ಯ ಶಿಕ್ಷಕರೋ ಇಬ್ಬರು ಸಹಶಿಕ್ಷಕರೋ ಹೊರಟುಹೋದರೆ ಇಂಥ ಕೆಲಸಗಳು ಅಲ್ಲಿಗೇ ನಿಲ್ಲುವುದುಂಟು. ಅದಕ್ಕಾಗಿ ಪ್ರಭಾರ ಹಸ್ತಾಂತರಿಸುವ ದಿನ ದಾಖಲಾತಿ ವಹಿ, ನಗದು ವಹಿ, ದಾಸ್ತಾನು ವಹಿಗಳ ಪಟ್ಟಿಯಲ್ಲಿ ಇದನ್ನೂ ಒಂದು ಕ್ರಮಸಂಖ್ಯೆ ಕೊಟ್ಟು ಸೇರಿಸಿ, ಬಂದವರ ಸಹಿ ಪಡೆದು, ಮುಂದಿನ ಸಭೆಯ ದಿನಾಂಕವನ್ನು ಅವರಿಗೆ ತಿಳಿಸಿ.